ಮನೆವಾರ್ತೆ: ನಾಲ್ಕಡಿಯ ಬಚ್ಚಲುಮನೆ

ಪುಣೆಯಿಂದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ನಾಲ್ಕಡಿ ಅಗಲ, ಆರಡಿ ಉದ್ದದ ತಮ್ಮ ಬಚ್ಚಲುಮನೆಯನ್ನು ದೀಪಾವಳಿಯೊಳಗಾಗಿ ಹೊಸದು ಮಾಡಿಸಬೇಕೆಂದಿದ್ದಾರಂತೆ. ಗೋಡೆಗೆ ಯಾವ ಬಣ್ಣದ ಟೈಲ್ಸ್ ಒಪ್ಪುತ್ತದೆಂದು ಕೇಳಿದ್ದಾರೆ. ಬಣ್ಣದ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಬಣ್ಣವನ್ನೇ ಮೊದಲು ಆರಿಸಲು ಹೋಗಿ ನಾವು ಪಟ್ಟ ಪಾಡನ್ನು ಅದಕ್ಕೆ ಮುಂಚೆ ಹೇಳಿಬಿಡುವುದು ಒಳ್ಳೆಯದು.

ಡೊಂಬಿವಲಿಯಲ್ಲಿ ನಮ್ಮದು ಎರಡನೆಯ ಮಾಳಿಗೆಯ ಮನೆ. ಬಚ್ಚಲು ಹಳೆಯ ಕಾಲದ್ದು: ಶಹಾಬಾದ ಫರಶಿಯ ನೆಲ, ಮೂಲೆಯಲ್ಲಿ ನೀರಿನ ಪೀಪಾಯಿ. 2016ರಲ್ಲಿ ಅದನ್ನು ಚೆಂದ ಮಾಡಿಸುವ ಮನಸ್ಸಾಗಿ ಅಂಗಡಿಗೆ ಹೋಗಿ, ಎರಡಡಿ ಚೌಕದ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ತಂದೆವು. ಕೆಲಸಕ್ಕೆ ಬಂದ ಮೇಸ್ತ್ರಿ, “ಹಳೆಯ ನೆಲ ಒಡೆಯುವುದೇಕೆ? ಮೇಲೆಯೇ ಕೂಡಿಸಿಬಿಡುತ್ತೇನೆ, ನಾಲ್ಕು ದಿನದ ಕೆಲಸ” ಎಂದ. ನಮಗೂ ಅದೇ ಬೇಕಾಗಿತ್ತು. ಹದಿನೈದು ದಿನ ಟಾವೆಲ್ ಹೆಗಲಿಗೆ ಹಾಕಿಕೊಂಡು ನೆರೆಮನೆಯ ಬಚ್ಚಲಿಗೆ ಹೋಗುವುದು ಯಾರಿಗೆ ಬೇಕು! ಐದು ದಿನಕ್ಕೆ ಕೆಲಸ ಮುಗಿಯಿತು. ಬಂದವರೆಲ್ಲ ಕದ ತೆರೆದು ನೋಡಿ ಹೊಗಳಿದರು.

ಮೊದಲ ತಪ್ಪು ಹೊಸ್ತಿಲಲ್ಲಿ ಹೊರಬಿತ್ತು. ನೆಲದ ಮೇಲೆ ನೆಲ ಬಂದು ಬಚ್ಚಲು ಮುಕ್ಕಾಲು ಇಂಚು ಏರಿತ್ತು. ಹೊಸ್ತಿಲು ಮಾತ್ರ ಇದ್ದಲ್ಲೇ ಇತ್ತು. ಎರಡು ತಂಬಿಗೆ ನೀರು ಜೋರಾಗಿ ಸುರಿದುಕೊಂಡರೆ ನಡುಮನೆಗೆ ಬರುತ್ತಿತ್ತು. ಒರಸಿಕೊಂಡಾದರೂ ಇರಬಹುದಿತ್ತು. ಆದರೆ ಆರು ತಿಂಗಳೊಳಗೆ ಕೆಳಗಿನ ಮನೆಯ ಮರಾಠಿ ಬಾಯಿಯವರು ಬಂದು, “ಸ್ವಲ್ಪ ಬನ್ನಿ” ಎಂದಷ್ಟೇ ಹೇಳಿ ಕರೆದೊಯ್ದರು. ಅವರ ಬಚ್ಚಲಿನ ಸೂರಿನ ಗಿಲಾವು ಉದುರಿತ್ತು. ಒದ್ದೆ ಪಕ್ಕದ ಗೋಡೆಗೂ ಇಳಿದು ದೇವರ ಗೂಡಿನ ಹಿಂದೆ ಕಪ್ಪಗೆ ಹರಡಿತ್ತು. ನಾವು ಊರಿಗೆ ಹೋದಾಗ ನಮ್ಮ ಮನೆಯ ಕೀಲಿಕೈ ಇರುವುದು ಅವರಲ್ಲಿ. ಅವರು ನಾಲ್ಕು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಟೈಲ್ಸ್ ನೀರನ್ನು ತಡೆಯುತ್ತದೆಂಬುದು ನಮ್ಮಲ್ಲಿ ಬಹಳ ಜನರ ತಿಳಿವಳಿಕೆ. ಹಾಗಲ್ಲ. ಅದರ ಸಂದುಗಳಿಂದ ನೀರು ಇಳಿದೇ ಇಳಿಯುತ್ತದೆ. ಅದನ್ನು ತಡೆಯಬೇಕಾದದ್ದು ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಇಲ್ಲಿಯ ಅನೇಕ ಕಟ್ಟಡಗಳಲ್ಲಿ ಬಚ್ಚಲಿನ ಸ್ಲ್ಯಾಬು ತಗ್ಗಾಗಿರುತ್ತದೆ. ಆ ತಗ್ಗಿಗೆ ಇಟ್ಟಿಗೆಯ ಚೂರು, ಸಿಮೆಂಟು ತುಂಬಿರುತ್ತಾರೆ. ಮುಂಬಯಿಯ ಕೆಲಸಗಾರರು ಇದಕ್ಕೆ ಕೋಬಾ ಎನ್ನುತ್ತಾರೆ. ಪದರ ಒಮ್ಮೆ ಬಿರಿಯಿತೋ, ಈ ಇಟ್ಟಿಗೆಯ ಚೂರು ನೀರು ಕುಡಿದು ಕೂಡುತ್ತದೆ. ಮೇಲೆ ನೋಡಿದರೆ ಎಲ್ಲವೂ ಒಣಗಿದಂತಿರುತ್ತದೆ. ಕೆಳಗಿನವರ ಮನೆಯಲ್ಲಿ ಹನಿ ನಿಲ್ಲುವುದಿಲ್ಲ. ನಾವಾದರೋ ಸಂದುಗಳಿಗೆ ಬಿಳಿ ಸಿಮೆಂಟು ತುಂಬಿಸಿ, ಅವರಿಗೆ ಬಣ್ಣ ಹೊಡೆಸಿಕೊಟ್ಟು, ಆಯಿತೆಂದುಕೊಂಡೆವು. ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಮತ್ತೆ ಕಪ್ಪಾಯಿತು.

ಕಣ್ಣು ತೆರೆಸಿದ್ದು 2018ರ ದೀಪಾವಳಿ. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ, 78 ವರ್ಷದ ನಮ್ಮ ಅತ್ತೆಯವರು ಎಣ್ಣೆ ಹಚ್ಚಿಕೊಂಡು ಎರಕೊಳ್ಳಲು ಹೋದರು. ಹೊಳೆಯುವ ನೆಲ, ಮೇಲೆ ಎಣ್ಣೆ, ಅದರ ಮೇಲೆ ಬಿಸಿನೀರು. ಸದ್ದು ಕೇಳಿ ಓಡಿದರೆ, ಕದ ಒಳಮುಖವಾಗಿ ತೆರೆಯುವಂಥದ್ದು. ಅವರು ಬಿದ್ದದ್ದು ಅದಕ್ಕೇ ಅಡ್ಡಲಾಗಿ. ಒಳಗಿನ ಚಿಲಕ ಅವರಿಗೆ ಎಟುಕಲಿಲ್ಲ. ನಮ್ಮವರು ದೂಡಿದರೆ ಕದ ಅವರ ಮೈಮೇಲೆಯೇ ಹೋಗುತ್ತಿತ್ತು. ಒಳಗಿನಿಂದ, “ಗಾಬರಿ ಆಗಬ್ಯಾಡಪಾ, ನಾ ಸರೀತೀನಿ” ಎಂದು ಮಗನಿಗೆ ಅವರೇ ಧೈರ್ಯ ಹೇಳುತ್ತ, ಅಂಗುಲ ಅಂಗುಲವಾಗಿ ಗೋಡೆಯ ಕಡೆಗೆ ಸರಿದ ಮೇಲೆ ಚಿಲಕ ಮುರಿದೆವು. ಮುಂಗೈ ಮುರಿದಿತ್ತು. ಸೊಂಟ ಉಳಿದದ್ದು ನಮ್ಮ ಪುಣ್ಯ.

2019ರ ಬೇಸಿಗೆಯಲ್ಲಿ ಎಲ್ಲವನ್ನೂ ಒಡೆಸಿದೆವು. ಈ ಸಲ ಅಂಗಡಿಗೆ ಹೋದದ್ದು ಕಟ್ಟಕಡೆಗೆ. ಕೋಬಾ ಕಿತ್ತು ಸ್ಲ್ಯಾಬು ಕಾಣುವವರೆಗೆ ತೆಗೆದು, ಕೊಳವೆ ಹೊರಹೋಗುವ ಕಡೆ, ಗೋಡೆ ನೆಲ ಸೇರುವ ಮೂಲೆಗಳನ್ನು ಮೊದಲು ಭದ್ರ ಮಾಡಿ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಪದರವನ್ನು ನೆಲಕ್ಕೆ ಮಾತ್ರ ನಿಲ್ಲಿಸದೆ ಸುತ್ತಲ ಗೋಡೆಗೆ ಒಂದಡಿ, ನೀರು ಸಿಡಿಯುವ ಗೋಡೆಗೆ ಆಳೆತ್ತರ ಏರಿಸತಕ್ಕದ್ದು. ಆಮೇಲೆ ನಹಾಣಿಯ ಬಾಯಿ ಮುಚ್ಚಿ ನೆಲದ ತುಂಬ ನೀರು ಕಟ್ಟಿ ಎರಡು ದಿನ ಬಿಡಬೇಕು. ಮೇಸ್ತ್ರಿಗಳಿಗೆ ಈ ಎರಡು ದಿನ ಬೇಡದ ದಿನ. ಕೂಲಿ ಇಲ್ಲ, ಕೆಲಸ ಇಲ್ಲ. “ನಾನು ಜವಾಬು” ಎನ್ನುತ್ತಾರೆ. ಕೇಳಬೇಡಿ. ಎರಡು ದಿನವೂ ನಾನು ಬೆಳಿಗ್ಗೆ ಸಂಜೆ ಕೆಳಗಿನ ಮನೆಗೆ ಹೋಗಿ ಬಾಯಿಯವರೊಂದಿಗೆ ನಿಂತು ಸೂರು ನೋಡಿ ಬಂದೆ. ಹೌಸಿಂಗ್ ಸೊಸೈಟಿಗೆ ಮುಂಚಿತವಾಗಿ ಬರೆದು ತಿಳಿಸುವುದನ್ನೂ ಮರೆಯಬಾರದು. ಹೊರಗಿನ ಸಾಮೂಹಿಕ ಕೊಳವೆಯ ಸೋರಿಕೆ ಸೊಸೈಟಿಯದಾದರೆ, ನಮ್ಮ ಬಚ್ಚಲಿನೊಳಗಿನ ಸೋರಿಕೆಯ ಖರ್ಚು ನಮ್ಮದೇ.

ಇನ್ನು ನೆಲದ ಇಳಿಜಾರು. ನಾಲ್ಕಡಿಗೆ ಮುಕ್ಕಾಲು ಇಂಚು ಇಳಿಯಬೇಕು. ಎರಡಡಿಯ ಟೈಲ್ಸಿನಲ್ಲಿ ನಾಲ್ಕೂ ಕಡೆಯಿಂದ ನಹಾಣಿಗೆ ಇಳಿಜಾರು ಕೊಡುವುದು ಕಷ್ಟ. ಒಂದಡಿಯದು, ಇನ್ನೂ ಚಿಕ್ಕದಾದರೆ ಮತ್ತೂ ಲೇಸು. ಮೈ ಒರಟಾಗಿರಲಿ. ಅಂಗಡಿಯಲ್ಲಿ ಒಣಗಿದ ಟೈಲ್ಸ್ ಮುಟ್ಟಿ ನೋಡಿ ತರಬೇಡಿ. ಅದಕ್ಕೆ ಒಂದು ಹನಿ ಎಣ್ಣೆ, ನಾಲ್ಕು ಹನಿ ನೀರು ಹಾಕಿ ಅಂಗಾಲಿಟ್ಟು ನೋಡಿ. ಅಂಗಡಿಯವನು ನಕ್ಕರೆ ನಗಲಿ. ಹಾಸಿದ ಮೇಲೆ ಮಕ್ಕಳ ಗೋಲಿಯೊಂದನ್ನು ಮೂಲೆಯಲ್ಲಿಟ್ಟರೆ ಅದು ತಾನಾಗಿ ನಹಾಣಿಗೆ ಉರುಳಬೇಕು. ಸಂದು ತುಂಬುವುದಕ್ಕೆ ಮೊದಲೇ ಈ ಪರೀಕ್ಷೆ ಮುಗಿಯಲಿ.

ನಹಾಣಿ ಟ್ರ್ಯಾಪಿನ ಮುಚ್ಚಳ ಕೈಯಿಂದ ತೆಗೆಯಲು ಬರುವಂತಿರಬೇಕು. ಎಣ್ಣೆ, ಕಡಲೆಹಿಟ್ಟು, ಕೂದಲು ಕೂಡಿ ಗಂಟು ಕಟ್ಟುವ ಮನೆಗಳು ನಮ್ಮವು. ಅದರೊಳಗೆ ಎರಡಿಂಚಿನಷ್ಟು ನೀರು ಸದಾ ನಿಂತಿರುತ್ತದೆ. ಕೊಳವೆಯ ದುರ್ನಾತವನ್ನೂ ಜಿರಲೆಯನ್ನೂ ತಡೆಯುವುದು ಆ ನೀರೇ. ಮೇ ತಿಂಗಳು ಪೂರ್ತಿ ಊರಿಗೆ ಹೋಗಿ ಬಂದಾಗ ಮನೆ ನಾರುತ್ತದಲ್ಲ, ಆ ನೀರು ಬತ್ತಿರುವುದೇ ಕಾರಣ. ಎರಡು ಚೊಂಬು ಸುರಿದರೆ ಸರಿಹೋಗುತ್ತದೆ.

ಚಿಕ್ಕ ಬಚ್ಚಲಿನಲ್ಲಿ ಗಾಜಿನ ಗೂಡು ಹಾಕಿಸುವ ಆಸೆ ಈಗ ಎಲ್ಲರಿಗೂ. ನಾನು ಬೇಡವೆಂದೇ ಹೇಳುವವಳು. ಮಣೆ ಹಾಕಿ ಕುಳಿತು, ಪಕ್ಕದಲ್ಲಿ ಬಕೀಟಿಟ್ಟುಕೊಂಡು, ಮಗುವಿಗೆ ಕಾಲ ಮೇಲೆ ಹಾಕಿ ನೀರೆರೆಯಲು ಎರಡೂವರೆ ಮೂರಡಿ ಜಾಗ ಬೇಕು. ಹಂಡೆ ಹೋಯಿತು, ಒಲೆ ಹೋಯಿತು. ಕುಳಿತುಕೊಳ್ಳುವ ಜಾಗವನ್ನಾದರೂ ಉಳಿಸಿಕೊಳ್ಳೋಣ. ಕದ ಹೊರಕ್ಕೆ ತೆರೆಯಲಿ, ಚಿಲಕ ಹೊರಗಿನಿಂದಲೂ ಬಿಚ್ಚುವಂಥದ್ದಿರಲಿ. ಹಿಡಿದೇಳಲು ಗೋಡೆಗೊಂದು ಗಟ್ಟಿ ಹಿಡಿಕೆ ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿ ಬೇಕು. ಟಾವೆಲ್ಲಿನ ಸರಳು ಆ ಕೆಲಸಕ್ಕೆ ಬಾರದು. ಆಳಿನ ಭಾರಕ್ಕೆ ಕಿತ್ತು ಬರುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬಿಸಿನೀರಿಗೆ ಸಿಪಿವಿಸಿ ಕೊಳವೆಯೇ ಆಗಬೇಕು. ಕೊಳವೆಗಳನ್ನು ಗೋಡೆಯಲ್ಲಿ ಮುಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ನೆನಪಾಗುತ್ತದೆ. 25 ಲೀಟರಿನ ಗೀಸರಿನಲ್ಲಿ ನೀರೇ 25 ಕಿಲೋ, ಅದನ್ನು ತೂಗುಹಾಕುವ ಗೋಡೆ ಟೊಳ್ಳಾಗಿರಬಾರದು. ಅದಕ್ಕೆ ಅರ್ಥಿಂಗ್ ಸರಿಯಿರಲಿ. ಮನೆಯ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಗ್ಯಾಸ್ ಗೀಸರನ್ನು ಮಾತ್ರ ಬಚ್ಚಲಿನೊಳಗೆ ತರಲೇಬೇಡಿ. ಗಾಳಿಯಾಡದ ಕೋಣೆಯಲ್ಲಿ ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅರಿಯದೆಯೇ ಒರಗಿಬಿಡುತ್ತಾರೆ. ಹಾಗೆ ಜೀವ ಹೋದ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ.

ಪುಣೆಯ ಸೋದರಿ ಕಮೋಡನ್ನು ಎದುರು ಮೂಲೆಗೆ ಸರಿಸುವ ಯೋಚನೆಯನ್ನೂ ಬರೆದಿದ್ದಾರೆ. ಅದರ ನಾಲ್ಕಿಂಚಿನ ಕೊಳವೆಗೂ ಇಳಿಜಾರು ಬೇಕು. ದೂರ ಸರಿಸಿದಷ್ಟೂ ನೆಲ ಏರಿಸಬೇಕಾಗುತ್ತದೆ, ಇಲ್ಲವೆ ಪದೇ ಪದೇ ಕಟ್ಟಿಕೊಳ್ಳುತ್ತದೆ. ಇದ್ದಲ್ಲೇ ಇರಲಿ.

ಈಗ ಬಣ್ಣ. ಗೋಡೆಗೆ ತಿಳಿಯಾದದ್ದು ಯಾವುದಾದರೂ ಆದೀತು, ಕೋಣೆ ಬೆಳಕಾಗಿ ಕಾಣುತ್ತದೆ. ನೆಲಕ್ಕೆ ಮಾತ್ರ ಗೋಡೆಗಿಂತ ಗಾಢವಾದದ್ದನ್ನು ಆರಿಸಿ, ಹೊಸ್ತಿಲಿನ ಕಲ್ಲಿಗೆ ಅದಕ್ಕಿಂತಲೂ ಬೇರೆಯಾದ ಬಣ್ಣ. ನಮ್ಮ ಮನೆಯಲ್ಲಿ ಈಗ ಗೋಡೆ ಹಾಲುಬಣ್ಣ, ನೆಲ ಬೂದು, ಹೊಸ್ತಿಲು ಕರಿಕಲ್ಲು. ಪೊರೆ ಬಂದ ಕಣ್ಣಿಗೂ ಹೊಸ್ತಿಲು ಕಾಣುತ್ತದೆಂದು ಅತ್ತೆಯವರು ಹೇಳಿದರು.