ಹೆಸರು ಬದಲಾದರೆ ವೇದಿಕೆ ಇಲ್ಲವೇ?



ರಾಜ್ಯೋತ್ಸವದಲ್ಲಿ ಹಾಡುವ ತಂಡಗಳು ಜನವರಿಯಲ್ಲಿ ಬರೆದುಕೊಟ್ಟ ಹೆಸರನ್ನೂ ಸದಸ್ಯರ ಪಟ್ಟಿಯನ್ನೂ ನವೆಂಬರಿನವರೆಗೆ ಬದಲಿಸಕೂಡದು, ಬದಲಿಸಿದರೆ ವೇದಿಕೆ ಇಲ್ಲ ಎಂದು ನಮ್ಮ ಕಮಿಟಿ ಠರಾವು ಮಾಡಿದೆ. ಅದರ ಮೊದಲ ಪೆಟ್ಟು ಬಿದ್ದಿರುವುದು ಸಿಟಿವೆಸ್ಟಿನ ನಮ್ಮ ಮಕ್ಕಳ ರಾಕ್ ಬ್ಯಾಂಡಿಗೆ. ಒಂದೇ ವರ್ಷದಲ್ಲಿ ಅವರದು ಮೂರನೇ ಹೆಸರು. ಮೊದಲನೆಯದು ದೇವರದು, ಎರಡನೆಯದು ಟ್ರಾಮಿನದು, ಈಗಿನದನ್ನು ಉಚ್ಚರಿಸಲು ನಮಗೆ ಬಾರದು. ಡ್ರಮ್ಸ್ ಬಾರಿಸುತ್ತಿದ್ದ ಹುಡುಗ ಲೀವಿಂಗ್ ಸರ್ಟ್ ಪರೀಕ್ಷೆಯ ಓದಿಗೆಂದು ಬಿಟ್ಟ. ಅವನ ಜಾಗಕ್ಕೆ ಸ್ಯಾಗರ್ಟಿನ ಐರಿಷ್ ಹುಡುಗನೊಬ್ಬ ಬಂದಿದ್ದಾನೆ. "ಒಂದು ವರ್ಷ ಒಟ್ಟಿಗೆ ಇರಲಾಗದವರು ಕನ್ನಡ ಉಳಿಸುತ್ತಾರೆಯೇ?" ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಅವರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ನಾವು ಉತ್ತರ ಹೇಳಲೇಬೇಕಾಗಿದೆ.

ಬ್ಯಾಂಡುಗಳು ಹುಟ್ಟುವುದೇ ಹೀಗೆ. 1976ರಲ್ಲಿ ಡಬ್ಲಿನ್ನಿನ ಮೌಂಟ್ ಟೆಂಪಲ್ ಶಾಲೆಯ ನೋಟೀಸ್ ಬೋರ್ಡಿನಲ್ಲಿ 14 ವರ್ಷದ ಲ್ಯಾರಿ ಮುಲನ್ ಜೊತೆಗಾರರು ಬೇಕೆಂದು ಚೀಟಿ ಹಾಕಿದ. ಅವನ ಮನೆಯ ಅಡುಗೆಮನೆಯಲ್ಲಿ ಸೇರಿದವರೆಲ್ಲ ಉಳಿಯಲಿಲ್ಲ. ಮೊದಲು 'ಫೀಡ್‌ಬ್ಯಾಕ್' ಎಂದರು, ಆಮೇಲೆ 'ದಿ ಹೈಪ್', 1978ರಲ್ಲಿ 'ಯು2'. ಅದೇ ವರ್ಷ ಗಿಟಾರಿನ ಡಿಕ್ ಇವಾನ್ಸ್ ಹೊರಬಂದು 'ವರ್ಜಿನ್ ಪ್ರೂನ್ಸ್' ಸೇರಿದರು, ತಮ್ಮ ಯು2ನಲ್ಲೇ ಉಳಿದರು. ಇದಕ್ಕಾಗಿ ಯಾರೂ ಪಂಚಾಯಿತಿ ಕೂಡಿಸಿದ ಸುದ್ದಿಯಿಲ್ಲ. ಡನ್ ಲೇರಿಯ 'ಬೂಮ್‌ಟೌನ್ ರ‍್ಯಾಟ್ಸ್' ಮೊದಲು 'ನೈಟ್‌ಲೈಫ್ ಥಗ್ಸ್' ಆಗಿತ್ತು. ಆ ಹೆಸರಿದ್ದರೆ ತಾನಿರುವುದಿಲ್ಲ ಎಂದು ಸದಸ್ಯನೊಬ್ಬ ಹಟ ಹಿಡಿದ ಮೇಲೆ ಬದಲಾಯಿತು. 1969ರಲ್ಲಿ ಶುರುವಾದ 'ಥಿನ್ ಲಿಝಿ'ಯಲ್ಲಿ ಎಷ್ಟು ಜನ ಗಿಟಾರಿಗರು ಬಂದರು, ಹೋದರು! 1983ರವರೆಗೂ ನಿಂತವರು ಫಿಲ್ ಲೈನಟ್ ಮತ್ತು ಡ್ರಮ್ಸಿನ ಬ್ರಯನ್ ಡೌನಿ ಇಬ್ಬರೇ.

ಇವರೆಲ್ಲ ಪರದೇಶದವರು ಎನ್ನುತ್ತೀರಾ? ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಮೊದಲು ಕಟ್ಟಿದ್ದು 'ಅಂತರಾಗ್ನಿ'. ಅದು ಒಡೆಯಿತು. ಆಮೇಲೆ ಬಂದದ್ದು 'ರಘು ದೀಕ್ಷಿತ್ ಪ್ರಾಜೆಕ್ಟ್', ವಾದ್ಯಗಾರರು ಬಂದು ಹೋಗುವ ತೆರೆದ ಮನೆ. 2008ರ ಮೊದಲ ಆಲ್ಬಮ್ಮಿಗೆ ಹಳೆಯ ತಂಡದ ಹೆಸರನ್ನೇ ಇಟ್ಟರು. ಶಿಶುನಾಳ ಶರೀಫರ ಪದಗಳನ್ನು ಅವರ ಬಾಯಲ್ಲಿ ಕೇಳಿ ಕಲಿತ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಇನ್ನು ಅಣ್ಣಾವ್ರು? ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ ಮುತ್ತುರಾಜ್ 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದರು. ನಮ್ಮ ಕಮಿಟಿ ಆಗ ಇದ್ದಿದ್ದರೆ ಜನವರಿಯ ಪಟ್ಟಿಯಲ್ಲಿ ಈ ಹೆಸರಿಲ್ಲ ಎನ್ನುತ್ತಿತ್ತೋ ಏನೋ.

ಅಷ್ಟೇಕೆ, ನವೆಂಬರ್ 1ಕ್ಕೆ ನಾವು ಬಾವುಟ ಹಾರಿಸುವುದು ಯಾವುದಕ್ಕೆ? 1956ರ ಆ ದಿನ ಕನ್ನಡ ಪ್ರದೇಶಗಳು ಕೂಡಿದಾಗ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂದಾದದ್ದು 1973ರಲ್ಲಿ. ಸದಸ್ಯರ ಪಟ್ಟಿಯಾದರೂ ಸ್ಥಿರವಾಗಿತ್ತೇ? ಬಳ್ಳಾರಿ 1953ರಲ್ಲೇ ಬಂದು ಸೇರಿತ್ತು, ಕಾಸರಗೋಡು ಇಂದಿಗೂ ಹೊರಗಿದೆ. ಹೆಸರು ಹುಡುಕಲು ನಾಡಿಗೇ 17 ವರ್ಷ ಹಿಡಿಯಿತು. ಹದಿನಾರರ ಮಕ್ಕಳಿಗೆ ಹತ್ತು ತಿಂಗಳೂ ಕೊಡಲಾರೆವೇ?

ಕರಪತ್ರ ಅಚ್ಚಾಗಬೇಕು, ಹಾಲ್ ಬುಕ್ ಆಗಬೇಕು, ಯಾರು ಬರುತ್ತಾರೆಂದು ಗೊತ್ತಿರಬೇಕು ಎಂಬ ಕಾರ್ಯದರ್ಶಿಗಳ ತಾಪತ್ರಯ ನಮಗೂ ಗೊತ್ತು, ನಾವೂ ಆ ಕೆಲಸ ಮಾಡಿದವರೇ. ಆದರೆ ನಿಜವಾದ ಕಾರಣ ಅದಲ್ಲ. ಆ ಸ್ಯಾಗರ್ಟಿನ ಹುಡುಗ "ನಮ್ಮವನಲ್ಲ" ಎಂಬ ಮಾತು ಊಟದ ಸಾಲಿನಲ್ಲಿ ನಮ್ಮ ಕಿವಿಗೂ ಬಿದ್ದಿದೆ. ಹೇಳುವುದಿದ್ದರೆ ಸಭೆಯಲ್ಲಿ ಹೇಳಲಿ. ಯು2ನ ನಾಲ್ವರಲ್ಲಿ ಇಬ್ಬರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಲೈನಟ್ ಹುಟ್ಟಿದ್ದೂ ಅಲ್ಲೇ, ಅವರ ತಂದೆ ಗಯಾನಾದವರು. ಡಬ್ಲಿನ್ ಅವರನ್ನು ನಮ್ಮವನಲ್ಲ ಎನ್ನಲಿಲ್ಲ. 2005ರಲ್ಲಿ ಗ್ರಾಫ್ಟನ್ ಸ್ಟ್ರೀಟ್ ಪಕ್ಕದ ಹ್ಯಾರಿ ಸ್ಟ್ರೀಟಿನಲ್ಲಿ ಅವರ ಪ್ರತಿಮೆ ನಿಲ್ಲಿಸಿತು. ನಮ್ಮ ಹಾಡಿನ ತಾಳವನ್ನು ಬೆರಳಲ್ಲಿ ಎಣಿಸಿ ಕಲಿಯುತ್ತಿರುವ ಹುಡುಗನಿಗೆ ನಾವು ಬಾಗಿಲು ಹಾಕಬೇಕೇ?

ಮುಂದಿನ ಸಭೆಯಲ್ಲಿ ಈ ಠರಾವನ್ನು ಕೈಬಿಡಬೇಕೆಂದು ನಾವು ಸೂಚಿಸಲಿದ್ದೇವೆ, ದಯವಿಟ್ಟು ಬಂದು ಕೈ ಎತ್ತಿ. ನಿಯಮ ಬೇಕೇ ಬೇಕೆಂದರೆ, ಚಂದಾ ಹಣದಲ್ಲಿ ಕೊಂಡ ಡ್ರಮ್ ಸೆಟ್ಟು ಬ್ಯಾಂಡ್ ಒಡೆದಾಗ ಯಾರ ಮನೆಯಲ್ಲಿರಬೇಕು ಎಂಬುದಕ್ಕೆ ಮಾಡಿ, ಅದು ನಿಜವಾದ ಜಗಳ. ಕರಪತ್ರದಲ್ಲಿ ಆ ಒಂದು ಸಾಲನ್ನು ಖಾಲಿ ಬಿಟ್ಟರಾಯಿತು. ಹಿಂದಿನ ದಿನ ಪೆನ್ನಿನಲ್ಲಿ ತುಂಬಿ ಜೆರಾಕ್ಸ್ ಮಾಡಿಸೋಣ.