ಅರಸು ಬದಲಾದರೂ ಊರು ಉಳಿದಿತ್ತು

1991ರಲ್ಲಿ ಆರಂಭವಾದ ‘ಸಿವಿಲೈಸೇಶನ್’ ಕಂಪ್ಯೂಟರ್ ಆಟದ ಸರಣಿಯಲ್ಲಿ ಆಟಗಾರ ಆಯ್ದುಕೊಂಡ ನಾಗರಿಕತೆಯೇ ಕೊನೆಯವರೆಗೂ ಅವನದಾಗಿರುತ್ತಿತ್ತು. 2025ರಲ್ಲಿ ಬಿಡುಗಡೆಯಾದ ಏಳನೆಯ ಆವೃತ್ತಿ, ಯುಗ ಬದಲಾದಾಗ ನಾಗರಿಕತೆಯನ್ನೂ ಬದಲಿಸಬೇಕೆಂದು ವಿಧಿಸಿತು. ತಾವು ಕಟ್ಟಿ ಬೆಳೆಸಿದ್ದು ತಮ್ಮದಾಗಿಯೇ ಉಳಿಯಬಾರದೇ ಎಂದು ಹಳೆಯ ಆಟಗಾರರು ಸಿಡಿದೆದ್ದರು.

ನಗರಗೆರೆಯವನಾದ ನಾನು ಈ ಆಕ್ಷೇಪವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ನಮ್ಮ ಜಿಲ್ಲೆಯ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನೇ ನೋಡಿ. ಒಂಬತ್ತನೆಯ ಶತಮಾನದಲ್ಲಿ ಮೊದಲಾದ ಆ ಗುಡಿಯನ್ನು ಚೋಳರು, ಹೊಯ್ಸಳರು, ವಿಜಯನಗರದವರು ಬೆಳೆಸುತ್ತಲೇ ಹೋದರು. ಅರಸೊತ್ತಿಗೆಗಳು ಅಳಿದವು, ಊರು, ಕೆರೆ, ನುಡಿ ಒಂದೇ ಏಟಿಗೆ ಬದಲಾಗಲಿಲ್ಲ.

ಬದಲಾವಣೆ ಚರಿತ್ರೆಗೆ ಸಹಜ. ಆಟ ತೋರಿದ ಅವಸರ ಸಹಜವಲ್ಲ. ಮುಂದಿನ ಆವೃತ್ತಿ ರೂಪಿಸುವವರು ರಾಜವಂಶಗಳ ಸರದಿಯ ಜೊತೆಗೆ, ಅವುಗಳ ನಡುವೆ ಕೆರೆಯ ಹೂಳೆತ್ತಿ ಬದುಕಿದವರನ್ನೂ ನೆನೆಯಲಿ.