ದಫ್ತರ ಹೊತ್ತವರು ನಾವು, ಓದುವವರೂ ನಾವೇ



ಪಂಚಾಯ್ತಿ ಕಚೇರಿಯ ಬೀರುವಿಗೆ ಹೊಸ ಬೀಗ ಬಿದ್ದಿದೆ. ಆ ಬೀಗದ ಹೆಸರು 'ಖಾಸಗಿತನ'.

2023ರಲ್ಲಿ ಪಾರ್ಲಿಮೆಂಟು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಡಿತು. ಅದರ 44(3)ನೇ ಕಲಮು 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು. 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೂ ಬಂತು.

ಹಳೇ ಕಲಮು ಏನು ಹೇಳ್ತಿತ್ತು? ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಅಥವಾ ಒಬ್ಬರ ಖಾಸಗಿ ಬದುಕಿಗೆ ವಿನಾಕಾರಣ ಕೈಹಾಕುವ ಮಾಹಿತಿಯನ್ನು ಮಾತ್ರ ಕೊಡಬೇಕಾಗಿಲ್ಲ. ಜನಹಿತ ದೊಡ್ಡದು ಅನ್ನಿಸಿದರೆ ಅದನ್ನೂ ಕೊಡಬಹುದು ಅಂತಿತ್ತು. ಜೊತೆಗೆ ಇನ್ನೊಂದು ಮಾತಿತ್ತು: ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸಕೂಡದು. ಅಂದರೆ ಎಮ್ಮೆಲ್ಲೆಗೆ ಸಿಗುವ ಲೆಕ್ಕ ನಮ್ಮ ಹಟ್ಟಿಯ ಹುಡುಗಿಗೂ ಸಿಗಬೇಕು. ಈಗ ಇವೆಲ್ಲ ಹೋದವು. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದನ್ನು ಕೊಡಬೇಕಾಗಿಲ್ಲ ಅನ್ನುವ ಒಂದೇ ಮಾತು ಉಳಿಯಿತು.

ಹೆಸರಿಲ್ಲದ ಕಡತ ಯಾವುದಿದೆ ಹೇಳಿ? ಮನೆ ಮಂಜೂರಾದ ಪಟ್ಟಿಯಲ್ಲಿ ಹೆಸರಿದೆ. ಗಂಗಾ ಕಲ್ಯಾಣದ ಕೊಳವೆಬಾವಿ ಪಟ್ಟಿಯಲ್ಲಿ ಹೆಸರಿದೆ. ಚರಂಡಿ ಕಟ್ಟಿದ ಕಂಟ್ರಾಕ್ಟರನ ಬಿಲ್ಲಿನಲ್ಲಿ ಹೆಸರಿದೆ. ಬಿಲ್ಲು ಪಾಸು ಮಾಡಿದವರ ಸಹಿ ಇದೆ. 'ಇದು ವೈಯಕ್ತಿಕ' ಅಂತ ಒಂದು ಸಾಲು ಗೀಚಿದರೆ ಸಾಕು, ಅರ್ಜಿ ವಾಪಸ್.

ಇದರಿಂದ ಹೆಚ್ಚು ಪೆಟ್ಟು ಯಾರಿಗೆ? ನಮಗೆ. ಕರ್ನಾಟಕದಲ್ಲಿ 2013ರ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಹಾಗೆ ಶೇ. 24.10ರಷ್ಟು ಹಣ ಮೀಸಲಿಡಬೇಕು. ಆ ಕಾಯ್ದೆಯ 7(ಡಿ) ಎಂಬ ಕಿಂಡಿಯಿಂದ ಹಣ ಬೇರೆ ಕಡೆ ಹರೀತಿತ್ತು. ಕೂಗಾಡಿದ ಮೇಲೆ 2023ರಲ್ಲಿ ಅದನ್ನು ಮುಚ್ಚಿದರು. ಆದರೆ ಹಣ ಕೊನೆಗೆ ಯಾರ ಮನೆ ಸೇರಿತು, ನಮ್ಮ ಹೆಸರಲ್ಲಿ ಕೊರೆದ ಬೋರ್‌ವೆಲ್ ಯಾರ ತೋಟದಲ್ಲಿದೆ ಅಂತ ಗೊತ್ತಾಗೋದು ಪಟ್ಟಿ ನೋಡಿದಾಗ ಮಾತ್ರ.

ಕೆಲವರು ಕೇಳ್ತಾರೆ: ದಲಿತರಿಗೆ ಖಾಸಗಿತನ ಬೇಡವೇ? ಬೇಕು ಸ್ವಾಮಿ, ನಮಗೇ ಮೊದಲು ಬೇಕು. ಪ್ರತಿ ಅರ್ಜಿಯಲ್ಲೂ ಜಾತಿ ಬರೆದು ಬದುಕುವವರು ನಾವು. ನಮ್ಮ ಅಕ್ಕತಂಗಿಯರ ಫೋನ್ ನಂಬರು, ಆಧಾರ್ ನಂಬರು, ಕಾಯಿಲೆಯ ಚೀಟಿ ಊರವರ ಕೈಗೆ ಸಿಗಬೇಕು ಅಂತ ನಾವು ಕೇಳಿಲ್ಲ. ಅದನ್ನು ಕಾಯಲು ಹಳೇ ಕಲಮೇ ಸಾಕಿತ್ತು. 2017ರ ಪುಟ್ಟಸ್ವಾಮಿ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕಲ್ಲ ಅಂತ ವಾದಿಸಿದ್ದು ಇದೇ ಕೇಂದ್ರ ಸರ್ಕಾರ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಆ ವಾದವನ್ನು ತಳ್ಳಿಹಾಕಿದರು. ಈಗ ಅದೇ ಹಕ್ಕನ್ನು ಮುಂದಿಟ್ಟುಕೊಂಡು ಬೊಕ್ಕಸದ ಲೆಕ್ಕ ಮುಚ್ಚುತ್ತಾರೆ. ಸರ್ಕಾರಿ ದುಡ್ಡಿನಲ್ಲಿ ಮನೆ ಯಾರಿಗೆ ಕೊಟ್ಟಿರಿ ಅನ್ನೋದು ಯಾರ ಗುಟ್ಟೂ ಅಲ್ಲ.

ನಮ್ಮ ತಾತಂದಿರು ತೋಟಿ, ತಳವಾರರಾಗಿದ್ದರು. ಶಾನುಭೋಗರ ದಫ್ತರ ತಲೆ ಮೇಲೆ ಹೊತ್ತು ತಾಲ್ಲೂಕು ಕಚೇರಿಗೆ ನಡೆದರು. ಒಳಗೆ ಏನು ಬರೆದಿದೆ ಅಂತ ಓದಲು ಅವರಿಗೆ ಅಕ್ಷರ ಕೊಟ್ಟಿರಲಿಲ್ಲ. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯ್ದೆ ತೆಗೆಯಿತು. ಇಂದು ನಮಗೆ ಅಕ್ಷರ ಬಂದಿದೆ. ನಾವು ಓದುವ ಹೊತ್ತಿಗೆ ಪುಸ್ತಕವನ್ನೇ ಒಳಗಿಡುತ್ತಾರೆ ಅಂದರೆ ಇದು ಅದೇ ಹಳೇ ಯಜಮಾನಿಕೆ.

ಆದರೆ ಕೈಚೆಲ್ಲಿ ಕೂರಬೇಡಿ. ಅವರು ಮುಟ್ಟದೆ ಬಿಟ್ಟ ಕಲಮುಗಳಿವೆ. 4(1)(ಬಿ) ಹಾಗೇ ಇದೆ: ಸಬ್ಸಿಡಿ ಯೋಜನೆಗಳ ಹಣವೆಷ್ಟು, ಫಲಾನುಭವಿಗಳು ಯಾರು ಅಂತ ಯಾರೂ ಕೇಳದೆಯೇ ಪ್ರಕಟಿಸಬೇಕು. 8(2) ಇದೆ: ಆಗುವ ಹಾನಿಗಿಂತ ಜನಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಈ ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರೂ ನಿಮ್ಮ ಪಂಚಾಯ್ತಿಗೆ ಒಂದೊಂದು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಹತ್ತು ರೂಪಾಯಿ ಶುಲ್ಕ. ಬಿಪಿಎಲ್ ಕಾರ್ಡಿದ್ದರೆ ಅದೂ ಬೇಡ. 4(1)(ಬಿ), 8(2) ಎರಡನ್ನೂ ಹೆಸರಿಸಿ ಬರೆಯಿರಿ. ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಹೋಗಿ. ಸ್ವೀಕೃತಿ ತಗೊಳ್ಳದೆ ಬರಬೇಡಿ. ಗ್ರಾಮಸಭೆಯಲ್ಲಿ ಪಟ್ಟಿ ಗಟ್ಟಿಯಾಗಿ ಓದಿ ಅಂತ ಕೇರಿಯ ತಾಯಂದಿರ ಜೊತೆ ನಿಂತು ಕೇಳಿ.

ತಿದ್ದುಪಡಿ ರದ್ದಾಗಲಿ! ಹಳೇ 8(1)(ಜೆ) ವಾಪಸ್ ಬರಲಿ! ಲೆಕ್ಕ ಜನರ ಮುಂದೆ ಬರಲಿ!

ಜೈ ಭೀಮ್.